ಬಚ್ಚಲೊಲೆಯ ಮುಂದೆ ಕಳೆದ ರಾತ್ರಿ

ಈ ವರ್ಷ ನನಗೇನಾಯ್ತು ಅನ್ನೋದು ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಚಿಕಿತ್ಸೆ ಮುಗಿದ ಮೇಲೆ, ಜುಲೈನಲ್ಲಿ, ಆರು ದಿನ ಕುದುರೆಮುಖದ ತಪ್ಪಲಿನ ಒಂದು ಮನೆಯಲ್ಲಿ ಉಳಿದು ಬಂದೆ. ಅದರ ಬಗ್ಗೆ ಹೇಳಬೇಕು.

ಕಳಸದಿಂದ ಸಂಸೆಗೆ ಬಂದು, ಅಲ್ಲಿಂದ ಇನ್ನೂ ಒಳಗೆ ಹೋಗಬೇಕು. ಕೊನೆಯ ದಾರಿಗೆ ಜೀಪೇ ಆಗಬೇಕು. ನೆಟ್‌ವರ್ಕ್ ಇಲ್ಲ. ಮಳೆ ಜೋರಾದರೆ ಕರೆಂಟೂ ಇಲ್ಲ. 1,894 ಮೀಟರ್ ಎತ್ತರದ ಕುದುರೆಮುಖ ಎದುರಿಗೇ ಇದೆ ಅಂದರು. ಆರು ದಿನವೂ ಮೋಡ ಸರಿಯಲಿಲ್ಲ, ಬೆಟ್ಟ ಕಾಣಲೇ ಇಲ್ಲ. ಬೇಜಾರೇನೂ ಆಗಲಿಲ್ಲ. ಬೆಳಿಗ್ಗೆ ಕಷಾಯ, ಮಧ್ಯಾಹ್ನ ಒಂದೆಲಗದ ತಂಬುಳಿ. ಸಂಜೆ ಕಂಬಳಿ ಹೊದ್ದು ಜಗಲಿಯಲ್ಲಿ ಕೂರುವುದು, ಕಾಲಿಗೆ ಹತ್ತಿದ ಇಂಬಳಕ್ಕೆ ಉಪ್ಪು ಹಾಕುವುದು. ಎಷ್ಟೋ ತಿಂಗಳ ಮೇಲೆ ಹಸಿವಾಯ್ತು.

ಮೂರನೇ ರಾತ್ರಿ ಮಾತ್ರ ತಡೆಯಲಾಗಲಿಲ್ಲ. ಹೆಂಚಿನ ಮೇಲೆ ಮಳೆ, ಸುತ್ತ ಕತ್ತಲೆ. ಕಾಯಿಲೆ ಮತ್ತೆ ಬಂದರೆ? ಅದೊಂದೇ ಯೋಚನೆ. ಆಸ್ಪತ್ರೆಯಲ್ಲಿ ಒಂದು ದಿನವೂ ಬಾರದ ಅಳು ಅಲ್ಲಿ ಬಂತು. ಉಸಿರು ಸಿಗುತ್ತಿರಲಿಲ್ಲ. ಆ ಮನೆಯ ದೊಡ್ಡಮ್ಮ ಚಿಮಣಿ ದೀಪ ಹಿಡಿದು ಬಂದರು. ಏನಾಯ್ತು ಅಂತ ಕೇಳಲಿಲ್ಲ. ಧೈರ್ಯವಾಗಿರು ಅನ್ನಲಿಲ್ಲ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು.

"ನಿದ್ರೆ ಬರದಿದ್ರೆ ಬೇಡ ಬಿಡು ಮಾರಾಯ್ತಿ. ಬಾ, ಒಲೆಗೆ ಬೆಂಕಿ ಹಾಕಣ" ಅಂದರು.

ಬಚ್ಚಲುಮನೆಯಲ್ಲಿ ಹಂಡೆ ಒಲೆಯ ಮುಂದೆ ಮಣೆ ಹಾಕಿ ಕೂರಿಸಿದರು. ಒಣ ಸೋಗೆ ಮುರಿದು ಒಲೆಗೆ ತುರುಕುವ ಕೆಲಸ ನನ್ನದು. ಅವರು ಸುಮ್ನೆ ಪಕ್ಕದಲ್ಲಿ ಕೂತರು. ಸೊಸೆಯ ಬಾಣಂತನ, ಮಂಗ ಕಿತ್ತು ಹಾಕಿದ ಏಲಕ್ಕಿ ಅಂತ ಏನೋ ಹೇಳುವರು, ಮತ್ತೆ ಸುಮ್ಮನಾಗುವರು. ನಾನು ಅಳುವಾಗ ಅಳುತ್ತಿದ್ದೆ, ಸೋಗೆ ಹಾಕುತ್ತಿದ್ದೆ. ಎಪ್ಪತ್ತು ದಾಟಿದ ಜೀವ. ಬೆಳಗಿನವರೆಗೂ ಅಲ್ಲಿಂದ ಏಳಲಿಲ್ಲ.

ಇನ್ನೂ ಬೆಳಕಾಗಿರಲಿಲ್ಲ, ತೋಡಿನ ಕಡೆಯಿಂದ ಯಾರೋ ಶಿಳ್ಳೆ ಹಾಕಿದರು. ಮನುಷ್ಯರೇ ಅಂದುಕೊಂಡೆ. ಮಲಬಾರ್ ವಿಸ್ಲಿಂಗ್ ಥ್ರಶ್ ಅಂತೆ, ಕಡುನೀಲಿ ಹಕ್ಕಿ. ಆಮೇಲೆ ಪ್ರತಿದಿನ ಅದಕ್ಕಾಗಿ ಕಾದೆ.

ಅಷ್ಟರಲ್ಲಿ ನೀರು ಕಾದಿತ್ತು. ದೊಡ್ಡಮ್ಮ ನನ್ನ ತಲೆಯ ಬಟ್ಟೆ ಬಿಚ್ಚಿ ಎಣ್ಣೆ ಹಚ್ಚಿದರು. ಹೊರಗಿನವರು ಯಾರೂ ಆ ತಲೆ ನೋಡಿರಲಿಲ್ಲ. ದಾಸವಾಳದ ಎಲೆ ಕಿವುಚಿ ಗೊಂಪು ಮಾಡಿದರು. "ಇಷ್ಟು ಕೂದಲಿಗೆ ಯಾಕೆ ದೊಡ್ಡಮ್ಮ?" ಅಂದೆ. "ಇದ್ದಷ್ಟಕ್ಕೆ ಹಾಕದು" ಅಂದರು. ಬಿಸಿನೀರು ಹೊಯ್ಯಿಸಿಕೊಂಡು ಮಲಗಿದವಳು ಎದ್ದದ್ದು ಮಧ್ಯಾಹ್ನ ಮೂರಕ್ಕೆ.

ಹೋಗಲೇಬೇಕು ಅಂತ ಹಠ ಹಿಡಿದ ತಮ್ಮನಿಗೆ, ವರ್ಷವಿಡೀ ನನ್ನ ಕೆಲಸ ಹಂಚಿಕೊಂಡ ಆಫೀಸಿನವರಿಗೆ, ಊಟ ಕಳಿಸಿದ ಪಕ್ಕದ ಮನೆಯವರಿಗೆ, ಆ ಮಳೆಯಲ್ಲಿ ಜೀಪ್ ಓಡಿಸಿದ ಅಣ್ಣನಿಗೆ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ನೀವಿಲ್ಲದಿದ್ದರೆ ನಾನು ಅಲ್ಲಿಯವರೆಗೂ ಹೋಗುತ್ತಿರಲಿಲ್ಲ.

ದೊಡ್ಡಮ್ಮ, ಜೀಪಿನ ಅಣ್ಣ ಇದನ್ನು ನಿಮಗೆ ಓದಿ ಹೇಳ್ತೀನಿ ಅಂದಿದ್ದಾರೆ. ತಲೆಗೆ ಬಟ್ಟೆ ಕಟ್ಟೋದು ಬಿಟ್ಟಿದ್ದೇನೆ. ಭಾನುವಾರ ಎಣ್ಣೆ ಹಚ್ಚಿಕೊಳ್ಳುತ್ತೇನೆ. ಇಲ್ಲಿ ಹಂಡೆ ಇಲ್ಲ, ಗೀಸರ್ ನೀರೇ. ಮಳೆ ಬಿಟ್ಟ ಮೇಲೆ ಬರ್ತೀನಿ, ಬೆಟ್ಟ ನೋಡೋದು ಬಾಕಿ ಇದೆ.