ನಾನೂರ ಹದಿನೇಳು ರೂಪಾಯಿಯ ಲೆಕ್ಕ ಇಟ್ಟವರಿಗೆ

ಮೊನ್ನೆ ಶುಕ್ರವಾರ ಸಂಜೆ ಗೇಟಿನಲ್ಲಿ ಸೆಕ್ಯೂರಿಟಿಯವರು ಮೊಬೈಲ್ ವಾಪಸ್ ಕೊಟ್ಟಾಗ ಬ್ಯಾಂಕಿನ ಮೆಸೇಜ್ ಬಂದು ಕೂತಿತ್ತು. ಸಂಬಳದ ತಾರೀಖಲ್ಲ, ಬೋನಸ್ಸಿನ ಕಾಲವೂ ಅಲ್ಲ. ನನ್ನ ಹಿಂದೆ ನಿಂತಿದ್ದ ಚೆಕಿಂಗ್ ಟೇಬಲ್ಲಿನ ಅಕ್ಕ ತಮ್ಮ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, "ಏಳು ಸಾವಿರಕ್ಕೆ ಚೂರು ಕಮ್ಮಿ ಐತೆ, ಇದ್ಯಾವ ದುಡ್ಡೇ?" ಅಂದರು. ಯಾವ ದುಡ್ಡು ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು, ಅಷ್ಟೆ.

ಡಿ.ಎ. ಬಾಕಿ, ಅಂದರೆ ಕೊಡದೆ ಉಳಿಸಿಕೊಂಡಿದ್ದ ತುಟ್ಟಿಭತ್ಯೆ, ಬಂತು. ಎಲ್ಲರಿಗೂ ಬಂದಿಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ. ಬಂದಿದ್ದಕ್ಕೆ ಯಾರ್ಯಾರು ಕಾರಣವೋ ಅವರಿಗೆ ನಾಲ್ಕು ಜನರ ಮುಂದೆ ಥ್ಯಾಂಕ್ಸ್ ಹೇಳದೆ ಆ ದುಡ್ಡು ಮುಟ್ಟಲು ಮನಸ್ಸಾಗಲಿಲ್ಲ. ಹೆಸರು ಯಾರದ್ದೂ ಹಾಕುವುದಿಲ್ಲ. ಇದರಲ್ಲಿ ಅರ್ಧಕ್ಕರ್ಧ ಜನ ಇನ್ನೂ ಅದೇ ಬ್ಯಾಚಿನಲ್ಲಿ, ಅದೇ ಸೂಪರ್‌ವೈಜರ್ ಕೈಕೆಳಗೆ ಕೂರುವವರು. ಓದಿದರೆ ತಾವ್ಯಾರೆಂದು ಅವರಿಗೇ ತಿಳಿಯುತ್ತದೆ.

ಗಾರ್ಮೆಂಟ್ಸ್ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ ಹೇಳಬೇಕು. ನಮ್ಮ ಕನಿಷ್ಠ ವೇತನದಲ್ಲಿ ಬೇಸಿಕ್ ಒಂದು, ತುಟ್ಟಿಭತ್ಯೆ ಇನ್ನೊಂದು. ಸಾಮಾನಿನ ರೇಟು ಏರಿದ ಲೆಕ್ಕದ ಮೇಲೆ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ಗೆ ಏರುತ್ತದೆ. 2020ರ ಏಪ್ರಿಲ್‌ನಲ್ಲಿ ಏರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಅದಕ್ಕೆ ಮುಂಚೆಯೇ, ಮಾರ್ಚ್‌ನಲ್ಲಿ, ರಾಜ್ಯ ಸರ್ಕಾರ ಅದನ್ನು ಒಂದು ವರ್ಷ ಮುಂದಕ್ಕೆ ಹಾಕಿ ಆದೇಶ ಮಾಡಿತು. ಯೂನಿಯನ್‌ನವರು ಕೋರ್ಟಿಗೆ ಹೋದರು. ಬಾಕಿ ಸಮೇತ ಕೊಡಿ ಅಂತ ಹೈಕೋರ್ಟ್ ಅದೇ ಸೆಪ್ಟೆಂಬರ್‌ನಲ್ಲಿ ಹೇಳಿತು. ಹೇಳಿದ ಮೇಲೂ ಫ್ಯಾಕ್ಟರಿಗಳು ಕೊಡಲಿಲ್ಲ. ಒಂದಲ್ಲ ಎರಡಲ್ಲ, ಹೆಚ್ಚುಕಮ್ಮಿ ಇಡೀ ರಾಜ್ಯದಲ್ಲಿ.

417 ಅಂದರೆ ಪಿ.ಎಫ್.ಗೆ 50, ಇ.ಎಸ್.ಐ.ಗೆ 3 ಹೋಗಿ ಕೈಗೆ 364. ಆಗಿನ ಲೆಕ್ಕಕ್ಕೆ ಅರ್ಧ ಸಿಲಿಂಡರ್ ದುಡ್ಡು. "ಇಷ್ಟಕ್ಕೆ ಯಾಕಮ್ಮ ಇಷ್ಟು ಗಲಾಟೆ" ಅಂತ ನನ್ನ ತಮ್ಮನೇ ಕೇಳಿದ್ದ. ಅವನಿಗೆ ನಾನು ಕೊಟ್ಟ ಲೆಕ್ಕ ಇದು: ರಾಜ್ಯದಲ್ಲಿ ಗಾರ್ಮೆಂಟ್ಸಿಗೆ ಹೋಗುವವರು ಸುಮಾರು ನಾಲ್ಕು ಲಕ್ಷ. ಒಬ್ಬೊಬ್ಬರಿಂದ 417 ಉಳಿಸಿಕೊಂಡರೆ ತಿಂಗಳಿಗೆ ಸುಮಾರು 16 ಕೋಟಿ 70 ಲಕ್ಷ. ಅವನು ಆಮೇಲೆ ಏನೂ ಕೇಳಲಿಲ್ಲ. ಜೆರಾಕ್ಸಿಗೆ ಇನ್ನೂರು ರೂಪಾಯಿ ಕೊಟ್ಟ. ಅವನಿಗೂ ಥ್ಯಾಂಕ್ಸ್.

2016ರ ಏಪ್ರಿಲ್‌ನಲ್ಲಿ ಹೀಗಿರಲಿಲ್ಲ. ಮಾಲೀಕರ ಪಾಲಿನ ಪಿ.ಎಫ್. 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರದವರು ರೂಲ್ ತಂದಾಗ ಬೊಮ್ಮನಹಳ್ಳಿಯಿಂದ ಪೀಣ್ಯದವರೆಗೆ ಹೆಂಗಸರು ರಸ್ತೆಗೆ ಇಳಿದರು, ಎರಡೇ ದಿನದಲ್ಲಿ ರೂಲ್ ವಾಪಸ್ ಹೋಯಿತು. ಅವತ್ತು ನಾನೂ ಇದ್ದೆ, ಒಂದು ಚಪ್ಪಲಿ ಕಳಕೊಂಡು ಮನೆಗೆ ಬಂದೆ. ಈ ಸಲ ಕೊರೊನಾ. ರಸ್ತೆಯಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ, ನಿಂತರೂ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಭಯ. ನಮ್ಮ ಹತ್ತಿರ ಇದ್ದದ್ದು ಸಂಬಳದ ಸ್ಲಿಪ್ ಮಾತ್ರ.

ಹಾಗಾಗಿ ಡಿ.ಎ. ಕೊಟ್ಟಿಲ್ಲ ಅನ್ನುವುದಕ್ಕೆ ಸಾಕ್ಷಿಯಾಗಿ ಸ್ಲಿಪ್ ಕೂಡಿಹಾಕಲು ಶುರುಮಾಡಿದೆವು. ಇದನ್ನು ಈಗ ಕೆಲವರು ಸಂಶೋಧನೆ ಅನ್ನುತ್ತಾರೆ. ನಾವು "ಚೀಟಿ ಕೆಲಸ" ಅನ್ನುತ್ತಿದ್ದೆವು. ಅಕ್ಕಪಕ್ಕದವರು ಚೀಟಿ ಫಂಡ್ ಅಂದುಕೊಂಡದ್ದು ನಮಗೆ ಅನುಕೂಲವೇ ಆಯಿತು, ಯಾರೂ ಹೆಚ್ಚು ಕೇಳಲಿಲ್ಲ.

ಮೊದಲ ಥ್ಯಾಂಕ್ಸ್ ಕಾಲೇಜಿನಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ) ಓದುತ್ತಿದ್ದ ಆ ಹುಡುಗಿಗೆ. ಅವಳು ಸಹಾಯ ಮಾಡ್ತೀನಿ ಅಂತ ನಲವತ್ತು ಪ್ರಶ್ನೆಯ ಫಾರಂ ಮಾಡಿಕೊಂಡು ಬಂದಿದ್ದಳು. ಭಾನುವಾರ, ಬಟ್ಟೆ ಒಗೆದು ಹಾಕಿ, ನಮ್ಮ ವಠಾರದ ತಾರಸಿಯಲ್ಲಿ ಕೂತೆವು. ಎರಡನೇ ಪ್ರಶ್ನೆ: "ನಿಮ್ಮ ಮಾಸಿಕ ಆದಾಯ ಎಷ್ಟು?" ಕಾಲರ್ ಹೊಲಿಯುವ ಅಕ್ಕ ನಕ್ಕರು. "ಗಂಡನ ಎದುರಿಗೆ ಕೂರಿಸ್ಕೊಂಡು ಇದನ್ನ ಕೇಳಿದ್ರೆ ಯಾವಳು ನಿಜ ಹೇಳ್ತಾಳೆ? ಸ್ಲಿಪ್ ಐತಾ ಅಂತ ಕೇಳು, ಸಾಕು." ಹುಡುಗಿ ಪೆನ್ನು ತೆಗೆದು ಗೀಟು ಹಾಕಿದಳು. ಹೀಗೇ ಗೀಟು ಹಾಕುತ್ತಾ ಸಂಜೆ ಹೊತ್ತಿಗೆ ಏಳು ಪ್ರಶ್ನೆ ಉಳಿದವು. ಅದೇ ಅಕ್ಕ ಇನ್ನೊಂದು ಸೇರಿಸಿ ಅಂದರು: "ಡ್ಯೂಟೀಲಿ ದಿನಕ್ಕೆ ಎಷ್ಟು ಸಲ ನೀರು ಕುಡೀತೀರಾ?" ಡಿ.ಎ.ಗೂ ನೀರಿಗೂ ಏನು ಸಂಬಂಧ ಅಂತ ನಾನೇ ಕೇಳಿದೆ. "ಸಂಬಂಧ ಇಲ್ಲ. ಟಾಯ್ಲೆಟ್ಟಿಗೆ ಎದ್ದರೆ ಟಾರ್ಗೆಟ್ ಹೋಯ್ತದೆ ಅಂತ ನಾವು ನೀರು ಕುಡಿಯೋದೇ ಬಿಟ್ಟಿದೀವಲ್ಲ, ಈ ನೆಪದಾಗಾದ್ರೂ ಯಾರಾದ್ರೂ ಕೇಳಲಿ." ಸೇರಿಸಿದೆವು. ಆ ಪ್ರಶ್ನೆಗೆ ಬಂದ ಉತ್ತರಗಳು ಬೇರೆಯೇ ಒಂದು ನೋಟ್‌ಬುಕ್ಕಿನಲ್ಲಿವೆ. ಅದನ್ನು ಏನು ಮಾಡಬೇಕೆಂದು ಇನ್ನೂ ತೀರ್ಮಾನಿಸಿಲ್ಲ.

ನಲವತ್ತು ಪ್ರಶ್ನೆ ಬರೆದವಳು ಅಷ್ಟನ್ನೂ ಹೊಡೆದುಹಾಕಲು ಬಿಟ್ಟಳಲ್ಲ, ಅದು ಸಣ್ಣ ಮಾತಲ್ಲ. ನಾನಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ.

ಸ್ಲಿಪ್ ಎಂದರೆ ಬಸ್ ಟಿಕೆಟ್ಟಿನ ಥರದ ತೆಳು ಕಾಗದ. ಅದರ ಅಕ್ಷರ ಆರು ತಿಂಗಳಿಗೆ ಮಾಸಲು ಶುರುವಾಗುತ್ತದೆ. ಬಿಸಿ ತಗುಲಿದರಂತೂ ಪೂರ್ತಿ ಬಿಳಿ. ಎಲ್ಲೆಲ್ಲಿಂದ ಬಂದವು ಗೊತ್ತೇ? ರೇಷ್ಮೆ ಸೀರೆಯ ಮಡಿಕೆಯಿಂದ, ಮಂಜುನಾಥಸ್ವಾಮಿ ಫೋಟೋದ ಹಿಂದಿನಿಂದ, ಅಕ್ಕಿ ಡಬ್ಬದ ತಳದಿಂದ. ಅಕ್ಕಿ ಡಬ್ಬದ್ದು ಚೆನ್ನಾಗಿದ್ದವು, ಫೋಟೋ ಹಿಂದಿನವು ದೀಪದ ಬಿಸಿಗೆ ಹೋಗಿದ್ದವು. ಟ್ರಿಮ್ಮಿಂಗ್ ಮಾಡುವ ಒಬ್ಬ ಆಂಟಿ ತಂದ ಹನ್ನೊಂದು ಸ್ಲಿಪ್‌ನಲ್ಲಿ ಒಂದರಲ್ಲೂ ಅಂಕಿ ಕಾಣುತ್ತಿರಲಿಲ್ಲ. ಅವರು ಅಳಲಿಲ್ಲ, ಬೈಯಲಿಲ್ಲ, ಸೀದಾ ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರ್ ಬಿಚ್ಚಿಕೊಂಡು ಬಂದರು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಮಗಳು ದೊಡ್ಡವಳಾದ ದಿನ, ಅದರ ಮಧ್ಯೆ ಪ್ರತಿ ತಿಂಗಳ ಏಳನೇ ತಾರೀಖಿನ ಚೌಕದಲ್ಲಿ ಬಂದ ಸಂಬಳ, ರಜೆ ಹಾಕಿದ ದಿನಕ್ಕೆ ಅಡ್ಡಗೆರೆ, ಓ.ಟಿ. ಮಾಡಿದ ದಿನಕ್ಕೆ ಚುಕ್ಕೆ. ಪಾಸ್‌ಬುಕ್ ಪಕ್ಕದಲ್ಲಿಟ್ಟು ಹೋಲಿಸಿದೆವು. ಒಂದು ರೂಪಾಯಿ ಆಚೀಚೆ ಇರಲಿಲ್ಲ. ಆಂಟಿ, ನೀವು ಸಹಿ ಹಾಕುವಾಗ "ನಂಗೆ ಓದಕ್ಕೆ ಬರಲ್ಲ ಕಣವ್ವ" ಅಂದಿರಿ. ನಮ್ಮೆಲ್ಲರ ಲೆಕ್ಕಕ್ಕಿಂತ ನಿಮ್ಮ ಲೆಕ್ಕವೇ ಗಟ್ಟಿಯಾಗಿತ್ತು.

ಕಷ್ಟವಾದದ್ದು ಕೆಲಸ ಬಿಟ್ಟವರನ್ನು ಹುಡುಕುವುದು. ಲಾಕ್‌ಡೌನ್‌ನಲ್ಲಿ ಎಷ್ಟೋ ಜನರಿಂದ ರಾಜೀನಾಮೆ ಬರೆಸಿಕೊಂಡಿದ್ದರು. ಕೆಲವರು ಊರಿಗೆ ಹೋಗಿ ಅಲ್ಲೇ ಉಳಿದರು. ಅವರಿಗೂ ಕೆಲಸ ಮಾಡಿದಷ್ಟು ತಿಂಗಳ ಬಾಕಿ ಬರಬೇಕು. ಅದರ ಮೇಲೆ ಗ್ರಾಚ್ಯುಟಿಯೂ ಕೊನೇ ಸಂಬಳದ ಲೆಕ್ಕದಲ್ಲೇ ಕೊಡುವುದರಿಂದ ಅದೂ ಕಮ್ಮಿಯಾಗಿರುತ್ತದೆ. ಇನ್ನೊಂದು ತಲೆನೋವು, ಆಗ ಇದ್ದ ಕನಿಷ್ಠ ವೇತನ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಬಾಕಿ ಕೇಳುವ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕಿತ್ತು, ತಡವಾದರೆ ಕಾರಣ ತೋರಿಸಬೇಕಿತ್ತು. ನಮ್ಮ ಬ್ಯಾಚಿನ ಹೆಲ್ಪರ್ ಹುಡುಗಿಯೊಬ್ಬಳು ಮದ್ದೂರು, ಕುಣಿಗಲ್, ಮಾಗಡಿ ಕಡೆಯ ಬಸ್ಸು ಹತ್ತಿ ಭಾನುವಾರಗಳನ್ನೆಲ್ಲ ಕಳೆದಳು. ಕೈಲಿ ವಿಳಾಸ ಇರುತ್ತಿರಲಿಲ್ಲ. "ಗಾರ್ಮೆಂಟ್ಸಿಗೆ ಹೋಗ್ತಿದ್ರಲ್ಲ, ಎತ್ತರಕ್ಕಿದ್ರಲ್ಲ" ಅಂತ ಕೇಳಿಕೊಂಡು ಹೋಗುವುದು. ಒಂದು ಕಡೆ ರಾಗಿ ಕುಯ್ಯುವ ಹೊಲದ ಬದುವಿನ ಮೇಲೆ ಕೂತು ಫಾರಂ ತುಂಬಿಸಿಕೊಂಡು, ಮುದ್ದೆ ಊಟ ಮಾಡಿಕೊಂಡು ಬಂದಳು. ಬಸ್ ಚಾರ್ಜು ಕೊಡಲು ಹೋದರೆ ಬೇಡ ಅಂದಳು. ತಗೊಂಡಿದ್ದರೆ ನನಗೆ ಸಮಾಧಾನವಾಗಿರುತ್ತಿತ್ತು.

ಹಾಸ್ಟೆಲ್ಲಿನ ಒಡಿಶಾ ಹುಡುಗಿಯರ ಮಾತು ನಮಗೆ ಬರುವುದಿಲ್ಲ, ಅವರಲ್ಲೊಬ್ಬಳು ಗೇಟಿನ ಆಚೆ ಹತ್ತು ನಿಮಿಷದಲ್ಲಿ ಎಲ್ಲರ ಸ್ಲಿಪ್ಪಿನ ಫೋಟೋ ಹೊಡೆದುಕೊಡುತ್ತಿದ್ದಳು. ಜೆರಾಕ್ಸ್ ಅಂಗಡಿಯ ಅಣ್ಣ ನಮ್ಮ ಕಾಗದ ಬಂದಾಗ ಶಟರ್ ಅರ್ಧ ಇಳಿಸುತ್ತಿದ್ದರು, ಯಾರೂ ನೋಡದಿರಲಿ ಅಂತ. ಮನೆ ಓನರ್ ಆಂಟಿ ತಾರಸಿ ಕೊಟ್ಟರು, ಬಾಡಿಗೆ ಮಾತ್ರ ಒಂದು ದಿನವೂ ಬಿಡಲಿಲ್ಲ!

ಯೂನಿಯನ್‌ನವರಿಗೆ, ಕೋರ್ಟಿಗೆ ಓಡಾಡಿದ ವಕೀಲರಿಗೆ ನಾನು ಹೇಳುವುದು ಏನಿದೆ, ಅವರಿಲ್ಲದೆ ಇದು ಶುರುವಾಗುತ್ತಲೇ ಇರಲಿಲ್ಲ. ವಾಷಿಂಗ್ಟನ್‌ನಲ್ಲಿರುವ, ಕಾರ್ಮಿಕರ ಹಕ್ಕಿಗೆ ಕೆಲಸ ಮಾಡುವ ವರ್ಕರ್ ರೈಟ್ಸ್ ಕನ್ಸೋರ್ಟಿಯಂ ಸಂಸ್ಥೆಯವರು ಈ ವಿಷಯವನ್ನು ವಿದೇಶಿ ಬ್ರ್ಯಾಂಡುಗಳ ಮುಂದಿಟ್ಟರು. ನಾವು ಹೊಲಿದ ಶರ್ಟು ಮಾರುವವರು ಕೇಳಿದ ಮೇಲೇ ಇಲ್ಲಿನವರ ಕಿವಿ ತೆರೆದದ್ದು, ಅದು ನನಗೆ ಈಗಲೂ ಕಹಿ. ಹೈಕೋರ್ಟು ಹೇಳಿದ್ದು ಸಾಲದೆ ಅಂಗಡಿಯವರು ಹೇಳಬೇಕಾಯಿತು.

ಇನ್ನು ಬಾರದವರ ಮಾತು. ನಮ್ಮ ನೋಟ್‌ಬುಕ್ಕಿನಲ್ಲಿ ಕೆಲಸ ಬಿಟ್ಟವರ ಹೆಸರಿನ ಮುಂದೆ ಇನ್ನೂ ಟಿಕ್ ಬಿದ್ದಿಲ್ಲ. ರಾಗಿ ಹೊಲದ ಅಕ್ಕನದೂ ಅದರಲ್ಲಿದೆ. ಅಕ್ಕ, ನಿಮ್ಮ ಸ್ಲಿಪ್ ತೋರಿಸಿಯೇ ನಾವು "ಬಿಟ್ಟವರಿಂದಲೂ ಹಿಡಿದಿದ್ದಾರೆ" ಅಂತ ವಾದಿಸಿದ್ದು. ನಮಗೆ ಬಂತು, ನಿಮಗೆ ಬಂದಿಲ್ಲ. ನಿಮಗೆ ಥ್ಯಾಂಕ್ಸ್ ಹೇಳಲು ನಾಲಿಗೆ ಏಳುತ್ತಿಲ್ಲ. ಬಸ್ ಹತ್ತುವ ಹುಡುಗಿ ಮುಂದಿನ ತಿಂಗಳು ಮತ್ತೆ ಆ ಕಡೆ ಬರುತ್ತಾಳೆ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಪಿ.ಎಫ್. ಖಾತೆಯ ಯು.ಎ.ಎನ್. ನಂಬರ್ ತೆಗೆದಿಟ್ಟಿರಿ.

ಉಳಿದವರು ತಮ್ಮ ಒರಿಜಿನಲ್ ಸ್ಲಿಪ್‌ಗಳನ್ನು ವಾಪಸ್ ತಗೊಂಡು ಹೋಗಬೇಕು, ನನ್ನ ಟ್ರಂಕಿನಲ್ಲಿ ಜಾಗ ಇಲ್ಲ. ಬರುವ ಭಾನುವಾರ ಹನ್ನೊಂದಕ್ಕೆ ಅದೇ ತಾರಸಿ. ಪ್ಲಾಸ್ಟಿಕ್ ಕವರ್ ತನ್ನಿ. ಆಂಟಿ, ನಿಮ್ಮ ಕ್ಯಾಲೆಂಡರೂ ಇಲ್ಲೇ ಇದೆ, ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ.