ಕೊನೇ ಪಂಕ್ತೀವರೆಗೂ ಕೂತಿದ್ದೆ ಕಣೋ

ಲೋ ಗೆಳೆಯಾ, ರಿಟೈರ್ ಆದ್ಮೇಲೆ ಜನ ಬೇಕು ಅನ್ಸುತ್ತಾ ಸಾಕು ಅನ್ಸುತ್ತಾ ಅಂತ ಕೇಳಿದ್ಯಲ್ಲ, ಅದಕ್ಕೆ ವಾಟ್ಸಾಪಲ್ಲಿ ಒಂದ್ ಸಾಲಲ್ಲಿ ಉತ್ತರ ಕೊಡೋಕೆ ಆಗ್ಲಿಲ್ಲ, ಹಾಗಾಗಿ ಈ ಕಾಗದ.

ನಂದೂ ಮೇಷ್ಟ್ರು ಬರ್ಕೊಂಡಿದ್ದ ಜೂನ್ 1ರ ಹುಟ್ಟಿದಬ್ಬ ತಾನೆ, ಸರ್ಕಾರಿ ನೌಕರೀಲಿ ಒಂದನೇ ತಾರೀಕಲ್ಲಿ ಹುಟ್ಟಿದೋರು ಹಿಂದಿನ ತಿಂಗಳ ಕೊನೇ ದಿನಾನೇ ರಿಟೈರ್ ಆಗಿ ಮನೆಗೆ, ಮೇ 31ಕ್ಕೆ ಶಾಲು ಹಾರ ಮೈಸೂರು ಪೇಟ ಎಲ್ಲಾ ಆಯ್ತು. ಮಾರನೇ ದಿನದಿಂದ ಫೋನ್ ಸೈಲೆಂಟು. ನೆಟ್‌ವರ್ಕ್ ಇಲ್ವೇನೋ ಅಂತ ಹೆಂಡ್ತಿ ಫೋನಿಂದ ನಂಗೆ ನಾನೇ ಕಾಲ್ ಮಾಡಿ ನೋಡಿದೀನಿ, ನಗಬೇಡ.

ಮಗಳು ಹೇಳಿದ್ಲು, 1961ರಲ್ಲೇ ಅಮೆರಿಕದಲ್ಲಿ ಕಮಿಂಗ್ ಮತ್ತು ಹೆನ್ರಿ ಅಂತ ಇಬ್ರು ಸಂಶೋಧಕರು, ವಯಸ್ಸಾದಂಗೆ ಮನುಷ್ಯ ಸಮಾಜದಿಂದ ಸರೀತಾನೆ, ಸಮಾಜಾನೂ ಅವನಿಂದ ಸರಿಯುತ್ತೆ, ಅದು ಸಹಜ ಅಂತ ಬರೆದಿದ್ರಂತೆ. ಆಮೇಲೆ ಸ್ಟ್ಯಾನ್‌ಫೋರ್ಡಿನ ಲಾರಾ ಕಾರ್‌ಸ್ಟೆನ್ಸನ್ ಅನ್ನೋ ಮನಃಶಾಸ್ತ್ರಜ್ಞೆ, ಮುಂದಿರೋ ಟೈಮ್ ಕಮ್ಮಿ ಅನ್ಸಿದಾಗ ಬರೀ ಪರಿಚಯದೋರನ್ನ ಬಿಟ್ಟು ಮನಸ್ಸಿಗೆ ಹತ್ರ ಇರೋರನ್ನ ಹಿಡ್ಕೋತಾರೆ ಅಂದ್ರಂತೆ. ಇದು ಸರಿ ಅನ್ಸ್ತು, ಆದ್ರೆ ಯಾರನ್ನ ಬಿಡ್ಬೇಕು ಅಂತ ನಾನೆಲ್ಲಿ ಆರಿಸ್ದೆ, ಅವ್ರೇ ಬಿಟ್ರು!

ಸರ್ವಿಸಲ್ಲಿದ್ದಾಗ ನೆನಪಿದ್ಯಲ್ಲ, ಒಂದೇ ದಿನ ಮೂರು ಛತ್ರ ಹೊಕ್ಕು ಮುಯ್ಯಿ ಕವರ್ ಕೊಟ್ಟು ಫೋಟೋಗೆ ನಿಂತು, ಗಂಡು ಯಾರು ಹೆಣ್ಣು ಯಾರು ಅಂತಾನೂ ಸರಿಯಾಗಿ ನೋಡ್ದೆ ಓಡ್ತಿದ್ದೆ. ಮೊನ್ನೆ ಅರಸೀಕೆರೆಲಿ ನಮ್ಮ ಹಳೇ ಅಟೆಂಡರ್ ಮಗಳ ಮದ್ವೆ. ಧಾರೆ ಎರೀವಾಗ ಕಣ್ಣಲ್ಲಿ ನೀರು ಬಂದ್ಬಿಡ್ತು, ಯಾರಾದ್ರೂ ನೋಡಿದ್ರಾ ಅಂತ ಆಕಡೆ ಈಕಡೆ ನೋಡ್ದೆ. ಕೊನೇ ಪಂಕ್ತೀವರೆಗೂ ಕಾದು ಅವನ ಪಕ್ಕಾನೇ ಕೂತು ಉಂಡೆ, ಇಪ್ಪತ್ತು ವರ್ಷ ನಂಗೆ ಕಾಫಿ ತಂದುಕೊಟ್ಟಿದಾನೆ, ಜೊತೇಲಿ ಉಂಡಿದ್ದು ಅವತ್ತೇ ಮೊದಲು.

ಕೋಪಾನೂ ಹಂಗೇ ಜಾಸ್ತಿ ಆಗಿದೆ. ಇಲ್ಲಿ ಹಾಸನದ ಎನ್ ಆರ್ ಸರ್ಕಲ್ ಹತ್ರ ನನ್ ಕೈಕೆಳಗಿದ್ದ ಹುಡುಗ ಒಬ್ಬ ನೋಡಿಯೂ ನೋಡ್ದಂಗೆ ಬೈಕ್ ತಿರುಗಿಸ್ಕೊಂಡು ಹೋದ, ಎರಡು ದಿನ ಊಟ ಸೇರ್ಲಿಲ್ಲ. ಮೊದಲಾಗಿದ್ರೆ ಗಮನಕ್ಕೇ ಬರ್ತಿರ್ಲಿಲ್ಲ. ಮಹಾರಾಜ ಪಾರ್ಕಲ್ಲಿ ಬೆಳಗ್ಗೆ ವಾಕಿಂಗಿಗೆ ಐದಾರು ಜನ ಸೇರ್ತೀವಿ, ಬರೀ ಬೀಪಿ ಶುಗರ್ ಡಿಎ ಮಾತು, ಬೋರೇ, ಆದ್ರೆ ಒಬ್ಬ ಎರಡು ದಿನ ಕಾಣ್ಲಿಲ್ಲ ಅಂದ್ರೆ ಸೀದಾ ಅವನ ಮನೇಗೇ ಹೋಗ್ತೀವಿ. ಆಫೀಸಲ್ಲಿ ಯಾರಾದ್ರೂ ಹದಿನೈದು ದಿನ ರಜಾ ಹಾಕಿದ್ರೆ ನಾನು ಕೇಳ್ತಿದ್ದಿದ್ದು ಫೈಲ್ ಎಲ್ಲಿಟ್ಟಿದಾನೆ ಅಂತ ಮಾತ್ರ.

ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗ್ಲು ತೆಗೀತಾರೆ, ಬಾ. ಈಗ ಪಾಸ್ ಕೊಡ್ಸೋಕೆ ನನ್ ಕೈಲಾಗಲ್ಲ, ಧರ್ಮದರ್ಶನದ ಕ್ಯೂನಲ್ಲೇ ನಿಂತ್ಕೋಬೇಕು. ನಾಕೈದು ಗಂಟೆ ಆದ್ರೂ ಆಗ್ಲಿ, ಮಾತಾಡ್ಬೋದು.