ಮೃಗಶಿರ ಮಳೆಗೆ ಮುನ್ನ: ಸೋದರ ಸೊಸೆಗೊಂದು ಪತ್ರ

ಚಿ. ಸೌ. ಸುಮಾಳಿಗೆ ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ.

ಗೃಹಪ್ರವೇಶದ ದಿನ ನೆಂಟರ ಗದ್ದಲದಲ್ಲಿ ನಿನ್ನೊಂದಿಗೆ ಸಾವಧಾನವಾಗಿ ಮಾತನಾಡಲು ಆಗಲಿಲ್ಲ. ಮನೆ ಅಂದವಾಗಿದೆ, ಗಾಳಿ ಬೆಳಕು ಚೆನ್ನಾಗಿದೆ ಎಂಬುದನ್ನು ಬಂದವರೆಲ್ಲ ಹೇಳಿಹೋಗಿದ್ದಾರಾದ್ದರಿಂದ ನಾನು ಬೇರೆಯದನ್ನೇ ಬರೆಯುತ್ತೇನೆ. ನೀನೂ ಶ್ರೀಧರನೂ ಸೇರಿ 30 ಲಕ್ಷದ ಸಾಲವನ್ನು 20 ವರ್ಷಕ್ಕೆ ಹೊತ್ತಿದ್ದೀರಿ. ಸಾಲದ ಕಂತು, ಮಕ್ಕಳ ಶಾಲೆ, ಮನೆವಾರ್ತೆ, ಗಾಡಿಯ ಪೆಟ್ರೋಲು ಎಂದು ನೀನು ಬರೆದು ತೋರಿಸಿದ ಪಟ್ಟಿಯಲ್ಲಿ ಮನೆಯ ದುರಸ್ತಿಗೆಂದು ಮಾತ್ರ ಒಂದು ಸಾಲೂ ಇರಲಿಲ್ಲ. ಸಾಗರದ ಮಳೆಗೆ ಮೈಯೊಡ್ಡಿ ನಿಲ್ಲುವ ಮನೆಗೆ ಬ್ಯಾಂಕಿನ ಕಂತಿನ ಹಾಗೆಯೇ ಇನ್ನೊಂದು ಕಂತು ಇರುತ್ತದೆ. ಅದನ್ನು ಕೇಳಿ ಯಾರೂ ನೋಟೀಸು ಕಳುಹಿಸುವುದಿಲ್ಲವಾದ್ದರಿಂದ ಜನ ಕಟ್ಟುವುದಿಲ್ಲ. ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಅಡಿಯ ಕಾಂಕ್ರೀಟು ಹಳಕು ಹಳಕಾಗಿ ಉದುರತೊಡಗಿದಾಗ ಬಡ್ಡಿ ಸಮೇತ ಒಮ್ಮೆಗೇ ಕಟ್ಟುತ್ತಾರೆ.

ಈಗ ಏಪ್ರಿಲ್ ಅರ್ಧ ಕಳೆದಿದೆ. ಮೃಗಶಿರ ಮಳೆ ಹಿಡಿಯುವುದು ಜೂನ್ 7–8ರ ಹೊತ್ತಿಗೆ. ಅಲ್ಲಿಂದ ಆರಿದ್ರ, ಪುನರ್ವಸು, ಪುಷ್ಯ ಮಳೆಗಳು ಮುಗಿಯುವ ತನಕ ಮಾಡಿಗೆ ಏಣಿ ಹಾಕುವ ಮಾತೇ ಇಲ್ಲ. ಮೇ ತಿಂಗಳು ನಡುವಿಗೆ ಬಂತೆಂದರೆ ಊರಿಗೆ ಊರೇ ಮಾಡಿನ ನೆನಪು ಮಾಡಿಕೊಳ್ಳುತ್ತದೆ, ಆಗ ಕೆಲಸದವರು ಸಿಗುವುದಿಲ್ಲ, ಸಿಕ್ಕವರು ಕೇಳಿದ್ದೇ ಕೂಲಿ. ಆದ್ದರಿಂದ ನಾನು ಬರೆಯುವುದನ್ನು ಈ ತಿಂಗಳಲ್ಲೇ ಶುರುಮಾಡು.

ಮೊದಲು ತಾರಸಿ. ಒಂದು ಭಾನುವಾರ ಬೆಳಿಗ್ಗೆ ಚೆನ್ನಾಗಿ ಗುಡಿಸಿ, ನಾಲ್ಕಾರು ಬಕೆಟ್ ನೀರು ಸುರಿದು, ಅದು ಯಾವ ಕಡೆ ಹರಿಯುತ್ತದೆ, ಎಲ್ಲಿ ತಂಗುತ್ತದೆ ಎಂದು ನಿಂತು ನೋಡು. ಅರ್ಧ ಗಂಟೆಯ ಮೇಲೂ ನೀರು ನಿಂತ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡು. ಗಾರೆಯವನು ಬಂದಾಗ ಬಾಯಿಮಾತಿನಲ್ಲಿ ವಿವರಿಸುವ ಬದಲು ಆ ಗೆರೆಯನ್ನೇ ತೋರಿಸಬಹುದು. ಗೃಹಪ್ರವೇಶದ ದಿನ ನಾನು ಮೇಲೆ ಹತ್ತಿದಾಗ, ನೀರಿಳಿಯುವ ಎರಡು ಪೈಪುಗಳಲ್ಲಿ ಒಂದರ ಬಾಯಿಗೆ ಬಣ್ಣದ ಡಬ್ಬಿಯ ಮುಚ್ಚಳ ಅಡ್ಡ ಕೂತಿತ್ತು, ಅದರ ಮೇಲೆ ಹಲಸಿನ ಎಲೆಗಳು ಸೇರಿಕೊಂಡಿದ್ದವು. ಅದನ್ನು ಆಗಲೇ ತೆಗೆದೆ, ಆದರೆ ಎಲೆ ಬೀಳುವುದು ನಿಲ್ಲುವುದಿಲ್ಲ. ಎರಡೂ ಬಾಯಿಗೆ ಜಾಳಿಗೆ ಕೂರಿಸು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೈಹಾಕಿ ನೋಡು. ತಾರಸಿ ಸೋರುವುದು ನಡುವಿನಿಂದಲ್ಲ, ಬಹುಪಾಲು ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆಯಿಂದ ಮತ್ತು ಪೈಪು ತೂರಿಸಿದ ತೂತಿನ ಸುತ್ತಲಿನಿಂದ. ಅಲ್ಲಿ ಬಿರುಕು ಕಂಡರೆ ಮೊದಲು ಅದನ್ನು ಕೆತ್ತಿ ತುಂಬಿಸಿ, ಅದು ಪೂರ್ತಿ ಒಣಗಿದ ಮೇಲೆ ವಾಟರ್‌ಪ್ರೂಫಿಂಗ್ ಬಳಿಸು. ಧೂಳಿನ ಮೇಲೆ, ಪಾಚಿಯ ಮೇಲೆ ಬಳಿದದ್ದು ಎಷ್ಟು ದುಬಾರಿಯದಾದರೂ ಒಂದೇ ಮಳೆಗೆ ಸಿಪ್ಪೆಯಂತೆ ಎದ್ದುಬರುತ್ತದೆ.

ಮುಂದಿನ ಜಗುಲಿಗೆ ನೀವು ಹೆಂಚು ಹೊದಿಸಿದ್ದು ನನಗೆ ಬಹಳ ಮೆಚ್ಚಿಗೆಯಾಯಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಈ ಹೆಂಚಿನ ದೊಡ್ಡ ಗುಣವೆಂದರೆ ಒಡೆದದ್ದೊಂದನ್ನೇ ತೆಗೆದು ಇನ್ನೊಂದನ್ನು ಕೂರಿಸಬಹುದಾದದ್ದು. ಆದರೆ ಒಂದು ಕಾರ್ಖಾನೆಯ ಹೆಂಚಿನ ಕಚ್ಚು ಇನ್ನೊಂದರದಕ್ಕೆ ಸರಿಯಾಗಿ ಕೂರುವುದಿಲ್ಲ. ಕೆಲಸ ಮುಗಿದು ಉಳಿದ ಹೆಂಚುಗಳನ್ನು ಯಾರಿಗೂ ಕೊಡದೆ ಹಿತ್ತಿಲ ಗೋಡೆಗೆ ಒರಗಿಸಿಡು. ನಿಮ್ಮ ಬೀದಿಗೆ ಹೆಂಚು ಒಡೆಯುವ ಮಂಗಗಳು ಬರುವುದನ್ನು ನಾನೇ ಕಂಡಿದ್ದೇನೆ. ಹೆಂಚು ಹೊರುವ ಮರದ ಪಕಾಸು, ರೀಪುಗಳಿಗೆ ಒರಲೆ ಹತ್ತದಂತೆ ಗೇರೆಣ್ಣೆ ಬಳಿಸುವುದಾದರೆ ಬಿಸಿಲಿರುವಾಗಲೇ ಬಳಿಸು.

ಎಲ್ಲಕ್ಕಿಂತ ನನಗೆ ಆತಂಕವಾದದ್ದು ಮನೆಯ ಹಿಂದಿನ ಧರೆ. ನಿವೇಶನ ಅಗಲವಾಗಲೆಂದು ಗುಡ್ಡವನ್ನು ನೆಟ್ಟಗೆ ಕಡಿಸಿದ್ದೀರಿ. ಅಡಿಗೆಮನೆಯ ಗೋಡೆಗೂ ಧರೆಗೂ ನಡುವೆ ಒಬ್ಬರು ಓಡಾಡುವಷ್ಟೇ ಜಾಗವಿದೆ. ಮಲೆನಾಡಿನಲ್ಲಿ ಧರೆ ಕುಸಿಯುವುದು ಮೇಲಿನಿಂದ ನೀರು ಇಂಗಿ ಮಣ್ಣು ಭಾರವಾದಾಗ. ಹಾಗಾಗಿ ಧರೆಯ ನೆತ್ತಿಯಿಂದ ಸ್ವಲ್ಪ ಹಿಂದೆ, ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆಯೊಂದನ್ನು ಈ ಬೇಸಿಗೆಯಲ್ಲೇ ತೋಡಿಸಬೇಕು. ಕೆಳಗೆ ಕಲ್ಲಿನ ಗೋಡೆ ಕಟ್ಟಿಸುವಾಗ ನೀರು ಬಸಿಯಲು ರಂಧ್ರಗಳನ್ನು ಬಿಡಿಸು, ಇಲ್ಲವಾದರೆ ಹಿಂದೆ ಸೇರಿದ ನೀರೇ ಗೋಡೆಯನ್ನು ತಳ್ಳುತ್ತದೆ. ಧರೆಯ ಬುಡದ ಮಣ್ಣನ್ನು ಹೂವಿನ ಕುಂಡಕ್ಕೆಂದು ಸಹ ಕೆರೆಯಬೇಡ. ನೆತ್ತಿಯಲ್ಲಿ ಸೀಳು ಕಂಡರೆ, ಅಥವಾ ಬುಡದಲ್ಲಿ ಹಿಂದೆಂದೂ ಇಲ್ಲದ ಕಡೆ ಕೆಸರುನೀರು ಜಿನುಗಿದರೆ, ಆ ರಾತ್ರಿ ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗದೆ ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗಿಬಿಡು. ಇಷ್ಟನ್ನು ಮಾಡಿಸಲು ಕೈಯಲ್ಲಿ ಹಣ ಸಾಲದಿದ್ದರೆ ಮುಂಬಾಗಿಲ ಗೇಟು, ಸೋಫಾ ಎಲ್ಲವೂ ಮುಂದಿನ ವರ್ಷಕ್ಕೆ ಹೋಗಲಿ. ಕಾಲುವೆ ಮಾತ್ರ ಈ ವರ್ಷವೇ ಆಗಲಿ.

ಉಳಿದವು ಸಣ್ಣ ಕೆಲಸಗಳು. ಪಡುವಣ ಗೋಡೆಗೆ ಇರಚಲು ಹೊಡೆಯುವುದರಿಂದ ಆ ಕಿಟಕಿಗಳ ಮೇಲಿನ ಸಜ್ಜೆಯ ಬಿರುಕು ಮುಚ್ಚಿಸು. ಮೀಟರಿನ ಬಳಿಯ ಆರ್‌ಸಿಸಿಬಿಯಲ್ಲಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಟೆಸ್ಟ್ ಎಂದು ಬರೆದ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿದಾಗ ಕರೆಂಟು ಹೋಗಬೇಕು. ಹೋಗದಿದ್ದರೆ ಎಲೆಕ್ಟ್ರಿಷಿಯನ್ನನನ್ನು ಕರೆಸು. ಗೋಡೆಗೆ ಬಣ್ಣ ಹೊಡೆಸುವ ಆಸೆಯನ್ನು ದೀಪಾವಳಿ ಕಳೆದು ಗೋಡೆ ಒಣಗುವ ತನಕ ತಡೆದುಕೋ.

ಇನ್ನು ಹಣದ ಮಾತು. ಮನೆ ಕಟ್ಟಲು ತಗುಲಿದ ಖರ್ಚಿನಲ್ಲಿ ನೂರಕ್ಕೆ ಒಂದರಷ್ಟನ್ನಾದರೂ ವರ್ಷಕ್ಕೆ ದುರಸ್ತಿಗೆಂದು ತೆಗೆದಿಡಬೇಕೆಂಬುದು ನನ್ನ ಲೆಕ್ಕ. ನಿಮ್ಮ 40 ಲಕ್ಷದ ಮನೆಗೆ ಅದು 40,000 ರೂಪಾಯಿ, ತಿಂಗಳಿಗೆ ಸುಮಾರು 3,300. ಇದನ್ನು ಉಳಿತಾಯ ಖಾತೆಯಲ್ಲೇ ಬಿಟ್ಟರೆ ಯಾವುದೋ ಮದುವೆಯ ಸೀರೆಗೆ ಹೋಗುತ್ತದೆ. ಮೇ ತಿಂಗಳಲ್ಲಿ ಹೂಡಿ ಮರುವರ್ಷ ಮಳೆಗೆ ಮುನ್ನ ಕೈಗೆ ಬರುವಂತೆ ಒಂದು ವರ್ಷದ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಮಾಡು. ಇದಲ್ಲದೆ ಆರು ತಿಂಗಳ ಸಾಲದ ಕಂತಿನಷ್ಟು ಹಣ ಬೇರೆಯಾಗಿ ಇರಬೇಕು. ಅದನ್ನು ಬ್ಯಾಂಕಿನಲ್ಲಿಯೇ ಇಡು. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲಿ ಸಹ, ಒಬ್ಬ ಠೇವಣಿದಾರರಿಗೆ 5 ಲಕ್ಷದವರೆಗೆ ಠೇವಣಿ ವಿಮೆಯಿದೆ; ಅರ್ಧ ಶೇಕಡಾ ಹೆಚ್ಚು ಬಡ್ಡಿ ಕೊಡುವ ಸೊಸೈಟಿಗಳಿಗೂ ಸೌಹಾರ್ದ ಸಂಘಗಳಿಗೂ ಆ ರಕ್ಷಣೆಯಿಲ್ಲ.

ನಿಮ್ಮದು ಬದಲಾಗುವ ಬಡ್ಡಿಯ ಸಾಲ. ಬಡ್ಡಿ ಏರಿದಾಗ ಕಂತು ಹಾಗೆಯೇ ಉಳಿದಿದ್ದರೆ ಸಂತೋಷಪಡಬೇಡ, ಅವಧಿ ಬೆಳೆದಿದೆ ಎಂದೇ ಅರ್ಥ. 30 ಲಕ್ಷಕ್ಕೆ ಶೇಕಡಾ 8.5ರಂತೆ 20 ವರ್ಷಕ್ಕೆ ಕಂತು 26,035 ರೂಪಾಯಿ; ಶುರುವಿನಲ್ಲೇ ಬಡ್ಡಿ 9.5ಕ್ಕೆ ಏರಿ ಕಂತು ಬದಲಾಗದಿದ್ದರೆ ಸಾಲ ತೀರಲು 25 ವರ್ಷ ದಾಟಿ ಎಂಟು ತಿಂಗಳು ಬೇಕು. ಅವಧಿಯನ್ನು 20ಕ್ಕೇ ನಿಲ್ಲಿಸಲು ತಿಂಗಳಿಗೆ ಎರಡು ಸಾವಿರದ ಒಳಗೆ ಹೆಚ್ಚು ಕಟ್ಟಿದರೆ ಸಾಕು. ಕಂತು ಏರಿಸಬೇಕೋ, ಅವಧಿ ಬೆಳೆಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ, ಆದ್ದರಿಂದ ಬ್ಯಾಂಕಿಗೆ ಹೋಗಿ ಬರವಣಿಗೆಯಲ್ಲಿ ಕೇಳು. ಕೈಗೆ ಒಂದಿಷ್ಟು ಹಣ ಬಂದಾಗ ಅಸಲಿಗೆ ಕಟ್ಟು. ಇಂಥ ಸಾಲವನ್ನು ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ.

ಮನೆಯ ವಿಮೆಯ ಕಾಗದವನ್ನು ತೆಗೆದು ಓದು. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತವೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ ಎಲ್ಲವೂ ಅದರಲ್ಲಿ ಸೇರಿವೆ. ಕಟ್ಟಡದ ಮೊತ್ತದ ಶೇಕಡಾ 20ರಷ್ಟು, 10 ಲಕ್ಷ ಮೀರದಂತೆ, ಮನೆಯೊಳಗಿನ ಸಾಮಾನಿಗೂ ತಾನಾಗಿಯೇ ದೊರೆಯುತ್ತದೆ. ಒಡವೆಗೆ ಬೇರೆಯಾಗಿ ಬರೆಸಬೇಕು. ವಿಮೆ ಮಾಡಿಸಬೇಕಾದ್ದು ಮತ್ತೆ ಕಟ್ಟಲು ತಗುಲುವ ಖರ್ಚಿಗೆ, ನಿವೇಶನದ ಬೆಲೆಗಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡ ಮೇಲೂ ಧರೆಯ ಕೆಳಗೆ ಮನೆ ಮಾಡಿ ವಿಮೆಯಿಲ್ಲದೆ ಇರುವುದು ನನಗೆ ಒಪ್ಪಿಗೆಯಾಗದು. ಆದರೆ ವರ್ಷಗಟ್ಟಲೆ ಸೋರಿ ಹಾಳಾದ ಸ್ಲ್ಯಾಬಿಗೆ, ಸವೆದ ರೀಪಿಗೆ ಯಾವ ವಿಮೆಯೂ ಹಣ ಕೊಡುವುದಿಲ್ಲ. ಆ ಆರ್‌ಡಿಯನ್ನು ಮಾಡಲು ನಾನು ಒತ್ತಾಯಿಸುತ್ತಿರುವುದು ಅದಕ್ಕೇ. ಮಳೆಗೆ ಮುನ್ನ ಮನೆಯ ನಾಲ್ಕೂ ಕಡೆ, ತಾರಸಿ, ಧರೆ ಎಲ್ಲದರ ಫೋಟೋ ತೆಗೆದಿಡು, ಮುಂದೆ ನಷ್ಟದ ಅರ್ಜಿ ಹಾಕುವಾಗ ಹಿಂದಿನ ಸ್ಥಿತಿಗೆ ಅದೇ ಸಾಕ್ಷಿ.

ಸಾಲದ ಮೊತ್ತಕ್ಕೆ ನಿಮ್ಮಿಬ್ಬರ ಹೆಸರಿನಲ್ಲೂ ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ಜೀವ ಹೋದರೆ ಮಾತ್ರ ಹಣ ಬರುವ ಜೀವವಿಮೆ, ಇರಲಿ. ಒಂದೇ ಕಂತಿನ ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿಕೊಡುತ್ತೇವೆ ಎಂದು ಬ್ಯಾಂಕಿನವರು ಹೇಳಿದರೆ ಒಪ್ಪಬೇಡ, ಅದಕ್ಕೂ 20 ವರ್ಷ ಬಡ್ಡಿ ಕಟ್ಟಿದಂತಾಗುತ್ತದೆ. ನಗರಸಭೆಯ ಆಸ್ತಿ ತೆರಿಗೆಯನ್ನು ಏಪ್ರಿಲ್ ಮುಗಿಯುವುದರೊಳಗೆ ಪೂರ್ತಿ ಕಟ್ಟಿದರೆ ಶೇಕಡಾ 5 ರಿಯಾಯಿತಿ ಇದೆ, ಇದಕ್ಕೆ ಇನ್ನು ಎರಡೇ ವಾರ ಉಳಿದಿದೆ.

ಹೆಂಚಿನ ಕೆಲಸಕ್ಕೂ ಕಾಲುವೆ ತೋಡಲಿಕ್ಕೂ ನಮ್ಮೂರಿನ ಇಬ್ಬರಿಗೆ ಹೇಳಿದ್ದೇನೆ, ಅಕ್ಷಯ ತೃತೀಯ ಕಳೆದ ಸೋಮವಾರ ಅವರೊಂದಿಗೆ ನಾನೂ ಬರುತ್ತೇನೆ. ಅಷ್ಟರೊಳಗೆ ವಿಮೆಯ ಕಾಗದದ ಪ್ರತಿಯೊಂದನ್ನು ವಾಟ್ಸ್‌ಆಪ್‌ನಲ್ಲಿ ಕಳುಹಿಸು, ಕಟ್ಟಡದ ಮೊತ್ತ ಎಷ್ಟು ಬರೆದಿದ್ದಾರೆ ಎಂದು ನೋಡಬೇಕು. ಶ್ರೀಧರನಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನ ಶ್ರೇಯೋಭಿಲಾಷಿ,
ಸೋದರಮಾವ